ಎ. ಲಕ್ಷ್ಮಣಸ್ವಾಮಿ ಮುದಲಿಯಾರ್

ಸರ್ ಆರ್ಕಾಟ್ ಲಕ್ಷ್ಮಣಸ್ವಾಮಿ ಮುದಲಿಯಾರ್ (14 ಅಕ್ಟೋಬರ್ 1887 – 15 ಏಪ್ರಿಲ್ 1974) ಭಾರತದ ಹೆಸರಾಂತ ಪ್ರಸೂತಿತಜ್ಞರು ಹಾಗೂ ಶಿಕ್ಷಣತಜ್ಞರು. ಹೆರಿಗೆಯ ತೊಡಕುಗಳನ್ನು ಕುರಿತ ಅವರ ಪಠ್ಯಗ್ರಂಥವು ಹಲವು ತಲೆಮಾರುಗಳ ವೈದ್ಯ ವಿದ್ಯಾರ್ಥಿಗಳಿಗೆ ಮಾರ್ಗದರ್ಶಿಯಾಯಿತು.

ಜನನ ಮತ್ತು ಶಿಕ್ಷಣ

ಮುದಲಿಯಾರರು ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ಕರ್ನೂಲಿನಲ್ಲಿ ತಮಿಳು ಕುಟುಂಬವೊಂದರಲ್ಲಿ ಜನಿಸಿದರು. ಅವರ ಅವಳಿ ಸಹೋದರ ರಾಮಸ್ವಾಮಿ ಮುದಲಿಯಾರರು 1946ರಿಂದ 1949ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಕರ್ನೂಲಿನಲ್ಲಿ ಶಾಲಾ ಶಿಕ್ಷಣ ಮುಗಿಸಿದ ಲಕ್ಷ್ಮಣಸ್ವಾಮಿಯವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ಬಳಿಕ ಮದರಾಸು ವೈದ್ಯಕೀಯ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. ಮುಂದೆ ಅದೇ ವೈದ್ಯಕೀಯ ಕಾಲೇಜಿಗೆ ಮೊದಲ ಭಾರತೀಯ ಪ್ರಾಂಶುಪಾಲರಾದರು.

ಪ್ರಸೂತಿಶಾಸ್ತ್ರಕ್ಕೆ ಕೊಡುಗೆ

ಮದರಾಸಿನ ಎಗ್ಮೋರ್ ಹೆರಿಗೆ ಆಸ್ಪತ್ರೆಯು ಅವರ ಮುಖ್ಯ ಕಾರ್ಯಕ್ಷೇತ್ರವಾಗಿತ್ತು. 'ಕ್ಲಿನಿಕಲ್ ಆಬ್‌ಸ್ಟೆಟ್ರಿಕ್ಸ್' ಎಂಬ ಅವರ ಗ್ರಂಥ 1938ರಲ್ಲಿ ಪ್ರಕಟವಾಯಿತು. ನಂತರದ ಆವೃತ್ತಿಗಳಲ್ಲಿ ಎಂ. ಕೆ. ಕೃಷ್ಣ ಮೆನನ್ ಸಹಲೇಖಕರಾದರು.

ಈ ಶಾಸ್ತ್ರದಲ್ಲಿ ಮಾಸಿನ (ಜರಾಯು) ವೈಪರೀತ್ಯಗಳ ಅಧ್ಯಯನಕ್ಕೆ ಮಹತ್ವದ ಸ್ಥಾನವಿದೆ. ಸಹಜವಾದ ಮಾಸು ದುಂಡಗಿನ ಬಿಲ್ಲೆಯಂತಿದ್ದು, ಸುಮಾರು 500 ಗ್ರಾಂ ತೂಗುತ್ತದೆ. ಅಪರೂಪಕ್ಕೆ ಅದು ಎರಡು ಹೋಳಾಗಿ ಬೆಳೆಯಬಹುದು. ಕೆಲವೊಮ್ಮೆ ಮುಖ್ಯ ಮಾಸಿನಿಂದ ಸ್ವಲ್ಪ ದೂರದಲ್ಲಿ, ರಕ್ತನಾಳಗಳಿಂದ ಮಾತ್ರ ಕೂಡಿಕೊಂಡ ಉಪಹಾಳೆ ಇರುತ್ತದೆ. ಹೆರಿಗೆಯ ನಂತರ ಈ ಉಪಹಾಳೆ ಗರ್ಭಕೋಶದಲ್ಲೇ ಉಳಿದರೆ ತೀವ್ರ ರಕ್ತಸ್ರಾವವಾಗುತ್ತದೆ. ಹೊರಬಂದ ಮಾಸಿನ ಪೊರೆಯಲ್ಲಿ ರಂಧ್ರವಿದ್ದು, ಅದರ ಅಂಚಿನಲ್ಲಿ ತುಂಡಾದ ರಕ್ತನಾಳಗಳು ಕಂಡರೆ ಒಂದು ಭಾಗ ಒಳಗೆ ಉಳಿದಿದೆ ಎಂದು ತಿಳಿಯಬೇಕು. ಮಾಸು ತೆಳುವಾಗಿ ಹರಡಿ ಗರ್ಭಚೀಲವನ್ನೆಲ್ಲ ಆವರಿಸುವುದು ಇನ್ನೂ ವಿರಳ. ಗರ್ಭಕೋಶದ ಒಳಪದರ ಸರಿಯಾಗಿ ಬೆಳೆಯದಿದ್ದಾಗ ಮಾಸು ಅದರ ಸ್ನಾಯುವಿಗೇ ಅಂಟಿಕೊಳ್ಳುವುದುಂಟು. ಹಿಂದೆ ಸಿಸೇರಿಯನ್ ಆಗಿರುವವರಲ್ಲಿ ಇದರ ಸಂಭವ ಹೆಚ್ಚು. ಅಂತಹ ಮಾಸನ್ನು ಬಲವಂತವಾಗಿ ಎಳೆದರೆ ತಾಯಿಯ ಪ್ರಾಣಕ್ಕೆ ಅಪಾಯ.

ಸ್ಕ್ಯಾನಿಂಗ್ ಇಲ್ಲದ ಅಂದಿನ ಕಾಲದಲ್ಲಿ ಇಂತಹ ದೋಷಗಳು ಹೆರಿಗೆಯ ಹೊತ್ತಿನಲ್ಲೇ ತಿಳಿಯುತ್ತಿದ್ದವು. ಆದ್ದರಿಂದ ಹೊರಬಂದ ಮಾಸನ್ನು ಹರಡಿ ಪೂರ್ಣವಾಗಿದೆಯೇ ಎಂದು ಪರೀಕ್ಷಿಸುವ ತರಬೇತಿ ಪಡೆದವರು ಹತ್ತಿರದಲ್ಲಿರುವುದು ಜೀವ ಉಳಿಸುವ ಮಾತಾಗಿತ್ತು.

ಸಾರ್ವಜನಿಕ ಆರೋಗ್ಯ

1959ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಆರೋಗ್ಯ ಸಮೀಕ್ಷೆ ಮತ್ತು ಯೋಜನಾ ಸಮಿತಿಗೆ ಅವರು ಅಧ್ಯಕ್ಷರಾದರು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 40,000ಕ್ಕಿಂತ ಹೆಚ್ಚು ಜನರನ್ನು ಒಪ್ಪಿಸಬಾರದೆಂದು ಈ ಸಮಿತಿ ಶಿಫಾರಸು ಮಾಡಿತು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರದಂತಹ ಊರುಗಳ ಸುತ್ತಲಿನ ಹಳ್ಳಿಗಳಿಗೆ ಇದರ ಅರ್ಥ ಸ್ಪಷ್ಟ: ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ದೂರದ ಆಸ್ಪತ್ರೆ ತಲುಪುವಷ್ಟು ಸಮಯ ಹಲವು ವೇಳೆ ಸಿಗುವುದಿಲ್ಲ. ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು.

ಮುದಲಿಯಾರರು ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯಕಾರಿ ಮಂಡಳಿಗೂ 1961ರಲ್ಲಿ ನವದೆಹಲಿಯಲ್ಲಿ ನಡೆದ 14ನೆಯ ವಿಶ್ವ ಆರೋಗ್ಯ ಸಭೆಗೂ ಅಧ್ಯಕ್ಷರಾಗಿದ್ದರು.

ಶಿಕ್ಷಣ ಕ್ಷೇತ್ರ

1942ರಿಂದ 1969ರವರೆಗೆ, 27 ವರ್ಷ, ಅವರು ಮದರಾಸು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಆಗ ಕೆಲಕಾಲ ಮದರಾಸು ಆಡಳಿತದಲ್ಲಿದ್ದುದರಿಂದ ಅಲ್ಲಿನ ಕನ್ನಡ ವಿದ್ಯಾರ್ಥಿಗಳೂ ಈ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ್ದರು. 1952ರಲ್ಲಿ ನೇಮಕವಾದ ಮಾಧ್ಯಮಿಕ ಶಿಕ್ಷಣ ಆಯೋಗ 'ಮುದಲಿಯಾರ್ ಆಯೋಗ'ವೆಂದೇ ಪ್ರಸಿದ್ಧ. ವಿವಿಧೋದ್ದೇಶ ಪ್ರೌಢಶಾಲೆಗಳ ಸ್ಥಾಪನೆ ಅದರ ಮುಖ್ಯ ಶಿಫಾರಸುಗಳಲ್ಲಿ ಒಂದು.

ಗೌರವಗಳು

1945ರಲ್ಲಿ ಬ್ರಿಟಿಷ್ ಸರ್ಕಾರದಿಂದ 'ಸರ್' ಪದವಿ, 1954ರಲ್ಲಿ ಪದ್ಮಭೂಷಣ ಮತ್ತು 1963ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರಿಗೆ ಸಂದವು.