ಜಾನ್ ಪೋಸ್ಟೆಲ್

ಜೊನಾಥನ್ ಬ್ರೂಸ್ ಪೋಸ್ಟೆಲ್ (ಆಗಸ್ಟ್ 6, 1943 – ಅಕ್ಟೋಬರ್ 16, 1998) ಅಮೆರಿಕದ ಗಣಕವಿಜ್ಞಾನಿ ಹಾಗೂ ಅಂತರಜಾಲದ ನಿರ್ಮಾತೃಗಳಲ್ಲಿ ಒಬ್ಬರು. ಮಿಂಚಂಚೆಯ ರವಾನೆಗೆ ಇಂದಿಗೂ ಆಧಾರವಾಗಿರುವ ಎಸ್‌ಎಂಟಿಪಿ ನಿಯಮಾವಳಿಯನ್ನು ರೂಪಿಸಿದವರು ಇವರು. ಬೇಡದ ಅಂಚೆಯ (ಸ್ಪ್ಯಾಮ್) ಸಮಸ್ಯೆಯನ್ನು ಬಹು ಮೊದಲೇ ಗುರುತಿಸಿದವರೂ ಇವರೇ.

ಜನನ, ವಿದ್ಯಾಭ್ಯಾಸ ಮತ್ತು ವೃತ್ತಿ

ಪೋಸ್ಟೆಲ್ ಅವರು ಕ್ಯಾಲಿಫೋರ್ನಿಯದ ಆಲ್ಟಡೀನದಲ್ಲಿ ಜನಿಸಿದರು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಿಂದ 1966ರಲ್ಲಿ ಪದವಿಯನ್ನೂ 1968ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1974ರಲ್ಲಿ ಗಣಕವಿಜ್ಞಾನದ ಡಾಕ್ಟರೇಟನ್ನೂ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ ಅಂತರಜಾಲದ ಪೂರ್ವರೂಪವಾದ ಆರ್ಪಾನೆಟ್ ಯೋಜನೆಯಲ್ಲಿ ತೊಡಗಿಕೊಂಡರು. ಜಾಲದ ನಿಯಮಗಳನ್ನು ಪ್ರಕಟಿಸುವ ಆರ್‌ಎಫ್‌ಸಿ ಎಂಬ ದಾಖಲೆಗಳ ಸರಣಿ 1969ರಲ್ಲಿ ಆರಂಭವಾಯಿತು. ಅದರ ಸಂಪಾದಕರಾಗಿ ಜೀವನದ ಕೊನೆಯವರೆಗೂ ದುಡಿದರು. 1977ರಿಂದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು.

ಬೇಡದ ಅಂಚೆಯ ಕುರಿತು ಟಿಪ್ಪಣಿ

1975ರ ನವೆಂಬರ್‌ನಲ್ಲಿ ಪೋಸ್ಟೆಲ್ ಅವರು ಆರ್‌ಎಫ್‌ಸಿ 706 ಎಂಬ ಕಿರು ಟಿಪ್ಪಣಿಯನ್ನು ಪ್ರಕಟಿಸಿದರು. ಜಾಲಕ್ಕೆ ಸೇರಿದ ಗಣಕವು ತನಗೆ ಬಂದ ಸಂದೇಶಗಳನ್ನೆಲ್ಲ ಓದಲೇಬೇಕಾಗಿತ್ತು. ಬೇಡವಾದುದನ್ನು ನಿರಾಕರಿಸಲು ಅದಕ್ಕೆ ದಾರಿಯಿರಲಿಲ್ಲ. ಹೀಗಾಗಿ ತಪ್ಪಾಗಿ ವರ್ತಿಸುವ ಒಂದೇ ಗಣಕವು ಇನ್ನೊಂದರ ಕೆಲಸವನ್ನು ನಿಲ್ಲಿಸಿಬಿಡಬಹುದು ಎಂದು ಅವರು ಎಚ್ಚರಿಸಿದರು. ಅಂತಹ ಮೂಲದ ಸಂದೇಶಗಳನ್ನು ಹೊಸ್ತಿಲಲ್ಲಿಯೇ ತಡೆಯುವ ವ್ಯವಸ್ಥೆ ಬೇಕೆಂದು ಸೂಚಿಸಿದರು. ನೂರಾರು ವಿಳಾಸಗಳಿಗೆ ಒಮ್ಮೆಗೇ ಜಾಹೀರಾತು ಹೋದ ಮೊದಲ ಪ್ರಸಿದ್ಧ ಪ್ರಕರಣ ನಡೆದದ್ದು ಆ ಬಳಿಕ, 1978ರ ಮೇ ತಿಂಗಳಿನಲ್ಲಿ.

ಎಸ್‌ಎಂಟಿಪಿ ಮತ್ತು ಅದರ ದುರುಪಯೋಗ

1982ರ ಆಗಸ್ಟ್‌ನಲ್ಲಿ ಅವರ ಆರ್‌ಎಫ್‌ಸಿ 821 ಮಿಂಚಂಚೆಯ ನಿಯಮಗಳನ್ನು ನಿಗದಿಪಡಿಸಿತು. ಆಗ ಜಾಲದಲ್ಲಿದ್ದವರು ಬಹುಪಾಲು ಪರಸ್ಪರ ನಂಬಿಕೆಯುಳ್ಳ ಸಂಶೋಧಕರು. ಆದ್ದರಿಂದ ಕಳುಹಿಸಿದವರ ವಿಳಾಸ ನಿಜವೇ ಎಂದು ಪರೀಕ್ಷಿಸುವ ಕ್ರಮವನ್ನು ಅದರಲ್ಲಿ ಅಳವಡಿಸಿರಲಿಲ್ಲ. ಲಕೋಟೆಯ ಮೇಲೆ ಯಾರ ಹೆಸರನ್ನಾದರೂ ಬರೆದು ಅಂಚೆಪೆಟ್ಟಿಗೆಗೆ ಹಾಕುವಂತೆ, ಯಾರ ಹೆಸರಿನಲ್ಲಾದರೂ ಮಿಂಚಂಚೆ ಕಳುಹಿಸಬಹುದಾಗಿತ್ತು. ಅಪರಿಚಿತರ ಅಂಚೆಯನ್ನು ಮುಂದಕ್ಕೆ ಸಾಗಿಸುವುದು ಗಣಕಗಳ ನಡುವಿನ ಸೌಜನ್ಯವಾಗಿತ್ತು. ಮೇಲಿಂಗ್ ಲಿಸ್ಟಿನ ಹೆಸರನ್ನು ಕೊಟ್ಟರೆ ಅದರ ಸದಸ್ಯರ ವಿಳಾಸಗಳನ್ನು ತಿಳಿಸುವ ಎಕ್ಸ್‌ಪಿಎನ್ ಎಂಬ ಆದೇಶವೂ ಇತ್ತು.

1990ರ ದಶಕದಲ್ಲಿ ಅಂತರಜಾಲವು ವಾಣಿಜ್ಯಕ್ಕೆ ತೆರೆದುಕೊಂಡಾಗ ಈ ಅನುಕೂಲಗಳೇ ಸ್ಪ್ಯಾಮ್ ಕಳುಹಿಸುವವರ ಸಾಧನಗಳಾದವು. ಅಪಾಯವನ್ನು ಮೊದಲೇ ಕಂಡವರ ಕೃತಿಯಲ್ಲಿಯೇ ಅದಕ್ಕೆ ಬಾಗಿಲು ತೆರೆದಿತ್ತು. 1999ರ ಫೆಬ್ರವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 2505, ಅಪರಿಚಿತರ ಅಂಚೆಯನ್ನು ಸಾಗಿಸದಿರಲು ಮತ್ತು ಎಕ್ಸ್‌ಪಿಎನ್ ಬಳಕೆಯನ್ನು ನಿಯಂತ್ರಿಸಲು ಶಿಫಾರಸು ಮಾಡಿತು. ಸದಸ್ಯರಿಗೆ ಮಾತ್ರ ಬರೆಯಲು ಅವಕಾಶ ನೀಡುವುದು, ನಿರ್ವಾಹಕರು ಪರಿಶೀಲಿಸಿದ ಮೇಲೆಯೇ ಸಂದೇಶವನ್ನು ಹಂಚುವುದು ಮೇಲಿಂಗ್ ಲಿಸ್ಟ್‌ಗಳಲ್ಲಿ ರೂಢಿಗೆ ಬಂದವು. ಪೋಸ್ಟೆಲ್ ಅವರು 1975ರಲ್ಲಿ ಬಯಸಿದ್ದ, ಸ್ವೀಕರಿಸುವವರಿಗೆ ನಿರಾಕರಿಸುವ ಅವಕಾಶವಿರಬೇಕೆಂಬ ತತ್ತ್ವವೇ ಈ ಕ್ರಮಗಳಿಗೆಲ್ಲ ತಳಹದಿಯಾಗಿದೆ.

ನಿಧನ ಮತ್ತು ಗೌರವ

ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳಿಂದ ಪೋಸ್ಟೆಲ್ ಅವರು ತಮ್ಮ 55ನೆಯ ವಯಸ್ಸಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಇಂಟರ್‌ನೆಟ್ ಸೊಸೈಟಿಯು 1999ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ನೀಡುತ್ತಿದೆ.