80 ಅಡಿಗೆ ಅನುಮತಿ, 124 ಅಡಿಗೆ ತಳಪಾಯ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಹತ್ತನೇ ತರಗತಿಯ ಗೋಡೆಯ ಮೇಲೆ, ಪೇಟ ಧರಿಸಿ ಕುಳಿತಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ. ಮಂಡ್ಯ ಸೀಮೆಯಲ್ಲಿ ಆ ಫೋಟೋ ಇಲ್ಲದ ಶಾಲೆ ಕಡಿಮೆ. ನಮ್ಮ ಗದ್ದೆಗಳಿಗೆ ನೀರು ಬರುವುದೇ ಅವರ ಹೆಸರಿನ ನಾಲೆಯಿಂದ. ಮಳೆಗಾಲದಲ್ಲಿ ಪೇಪರ್ ಬಂದ ಕೂಡಲೇ ನಮ್ಮಪ್ಪ ಹುಡುಕುತ್ತಿದ್ದುದು ಕನ್ನಂಬಾಡಿ ಕಟ್ಟೆಯ ಮಟ್ಟವನ್ನು. 124.80 ಅಡಿ ಎಂಬ ಲೆಕ್ಕ ನಮಗೆ ಮಗ್ಗಿಗಿಂತ ಮೊದಲೇ ಬಾಯಿಗೆ ಬಂದಿತ್ತು. ಆ 124ರ ಹಿಂದೆ ಒಂದು 80 ಇತ್ತು ಎಂದು ತಿಳಿದದ್ದು ಮಾತ್ರ ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ.

ಮುದ್ದೇನಹಳ್ಳಿಯ ಆ ಹುಡುಗ ಹದಿನೈದರ ಆಸುಪಾಸಿನಲ್ಲೇ ತಂದೆಯನ್ನು ಕಳೆದುಕೊಂಡ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡ. 1881ರಲ್ಲಿ ಬಿ.ಎ. ಆಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಮೊದಮೊದಲು ಕೈಗೆ ಬಂದದ್ದು ದೊಡ್ಡ ಅಣೆಕಟ್ಟೇನಲ್ಲ. ಖಾನ್‌ದೇಶದ ಪಾಂಜರಾ ನದಿಯ ಕಾಲುವೆಯೊಂದಕ್ಕೆ ಅಡ್ಡಲಾಗಿ ಪೈಪು ಹಾಕಿ ನೀರು ದಾಟಿಸುವ ಕೆಲಸ. ಅದೂ ಮಳೆಗಾಲದಲ್ಲಿ. ಹೂಳು ಬಂದು ಮುಚ್ಚುತ್ತದೆ, ಮಳೆ ಕಳೆದ ಮೇಲೆ ಮಾಡೋಣವೆಂದು ಮೇಲಧಿಕಾರಿಗೆ ಬರೆದರು. ಅದು ಅವರಿಗೆ ಹಿಡಿಸಲಿಲ್ಲ. ಹೊಸಬ ಹಿಂದೆಗೆದ ಎಂಬ ಮಾತು ಬರುವಂತಾದಾಗ ವಿಶ್ವೇಶ್ವರಯ್ಯನವರು ಮಳೆಯಲ್ಲೇ ನಿಂತು ಅದನ್ನು ಮುಗಿಸಿದರು. ನಮ್ಮ ಗೋಡೆಯ ಫೋಟೋದಲ್ಲಿ ಈ ಅಳುಕಿದ ಯುವಕ ಕಾಣಿಸುವುದಿಲ್ಲ. ಕಾಣಿಸಿದ್ದರೆ ನಮಗೆ ಇನ್ನೂ ಹತ್ತಿರವಾಗುತ್ತಿದ್ದರೇನೋ.

ಹತ್ತು ವರ್ಷದ ನಂತರ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಕೊಡಬೇಕಾಯಿತು. ನೀರು ಶೋಧಿಸುವ ತೊಟ್ಟಿ ಕಟ್ಟಲು ಪುರಸಭೆಯ ಹತ್ತಿರ ಹಣವಿಲ್ಲ. ಸಿಂಧೂ ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳೇ ನೀರನ್ನು ಸೋಸುವಂತೆ ಮಾಡಿದರು. ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಗೇಟುಗಳು ಬಂದದ್ದು ಇದಾದ ಮೇಲೆ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಕಾವೇರಿಗೆ 124 ಅಡಿ ನೀರು ನಿಲ್ಲುವ ಕಟ್ಟೆ ಬೇಕೆಂಬುದು ಅವರ ಲೆಕ್ಕ. ಕೆಳಗಿನ ಮದ್ರಾಸ್ ಸರ್ಕಾರ ಒಪ್ಪಲಿಲ್ಲ. ಸಂಸ್ಥಾನದ ಹಣಕಾಸಿನ ಅಧಿಕಾರಿಗಳಿಗೂ ಅಳುಕು. ಸದ್ಯಕ್ಕೆ ಸಿಕ್ಕ ಅನುಮತಿ 80 ಅಡಿಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆ ಪಡೆದು 1911ರಲ್ಲಿ ಕೆಲಸ ಶುರುವಾಯಿತು. ವಿಶ್ವೇಶ್ವರಯ್ಯನವರು 80 ಅಡಿಯ ಕಟ್ಟೆ ಏರಿಸಲು ಹೊರಟರು, ತಳಪಾಯವನ್ನು ಮಾತ್ರ ಪೂರ್ಣ ಎತ್ತರಕ್ಕೆ ಬೇಕಾದಷ್ಟು ಅಗಲವಾಗಿ ಹಾಕಿಸಿದರು. ಕಟ್ಟೆ ಎತ್ತರವಾದಷ್ಟೂ ಬುಡ ಅಗಲವಿರಬೇಕು. ಮೇಲೆ ಕಲ್ಲು ಏರಿದ ನಂತರ ಬುಡ ಅಗಲಿಸುವುದು ಸುಲಭವಲ್ಲ. ಮುಂದೆ ಅನುಮತಿ ಸಿಗದೇ ಹೋಗಿದ್ದರೆ ಆ ಹೆಚ್ಚುವರಿ ಖರ್ಚು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ. ಆ ಹೊಣೆ ಹೊತ್ತುಕೊಳ್ಳುವುದು ಸಣ್ಣ ಮಾತಲ್ಲ. ಮದ್ರಾಸಿನೊಂದಿಗೆ ಒಪ್ಪಂದವಾದದ್ದು 1924ರಲ್ಲಿ. ಸುರ್ಕಿ ಗಾರೆಯ ಆ ಕಟ್ಟೆ ಪೂರ್ತಿಯಾಗುವಾಗ ಅವರು ಅಧಿಕಾರ ಬಿಟ್ಟು ಹತ್ತಕ್ಕೂ ಹೆಚ್ಚು ವರ್ಷವಾಗಿತ್ತು. ಗಾರೆ ಹೊತ್ತ ಕೂಲಿಗಳ, ಊರೇ ಮುಳುಗಿ ಎದ್ದುಹೋದ ಕನ್ನಂಬಾಡಿಯವರ ಫೋಟೋ ಯಾವ ಗೋಡೆಯ ಮೇಲೂ ಇಲ್ಲ ಎಂಬುದನ್ನೂ ಹೇಳಬೇಕು.

1912ರಲ್ಲಿ ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂದವು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ ಪ್ರಶ್ನೆ ಬಂದಾಗ ಮಹಾರಾಜರೊಂದಿಗೆ ಭಿನ್ನಾಭಿಪ್ರಾಯವಾಗಿ 1918ರಲ್ಲಿ ಹುದ್ದೆ ಬಿಟ್ಟರು. ಈ ವಿಷಯದಲ್ಲಿ ನಾನು ಮಹಾರಾಜರ ಕಡೆ. ಬಿ.ಇ. ಸೀಟು ನನಗೆ ಸಿಕ್ಕಿದ್ದೇ ಮೀಸಲಾತಿಯಿಂದ. ಹಾಗೆಂದು ಅವರ ಕಟ್ಟೆಯ ನೀರನ್ನು ಮರೆಯುವವನೂ ಅಲ್ಲ. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ನನ್ನ ಮೊದಲ ಕೆಲಸ ಬೇರೆಯವರು ಬರೆದ ಪ್ರೋಗ್ರಾಂಗಳಲ್ಲಿ ತಪ್ಪು ಹುಡುಕುವುದು. ಎರಡು ವರ್ಷ ಅದನ್ನೇ ಮಾಡಿದೆ. ಬೇಸರವಾಗಿ ಬಿಟ್ಟು ಊರಿಗೆ ಬರೋಣವೆನಿಸಿದ್ದ ದಿನಗಳಲ್ಲೇ ಈ 80 ಅಡಿಯ ಕಥೆ ಓದಿದ್ದು.

ಕಳೆದ ವರ್ಷ ನಾವು ಹಳೆಯ ವಿದ್ಯಾರ್ಥಿಗಳು ಶಾಲೆಗೆ 20 ಕಂಪ್ಯೂಟರಿನ ಕೋಣೆ ಮಾಡೋಣವೆಂದು ಚಂದಾ ಎತ್ತಿದೆವು. ಕೂಡಿದ ಹಣ ನಾಲ್ಕಕ್ಕೆ ಸಾಕಾಗುವಷ್ಟು. ಪೂರ್ತಿ ಹಣ ಬರುವವರೆಗೆ ತಡೆಯೋಣವೆಂದರು ಕೆಲವರು. ಕೊನೆಗೆ ಹಳೆಯ ದಾಸ್ತಾನು ಕೋಣೆಗೆ ಸುಣ್ಣ ಹೊಡೆಸಿ, 20 ಜಾಗಕ್ಕೂ ವೈರಿಂಗ್ ಎಳೆಸಿ, ನಾಲ್ಕು ಕಂಪ್ಯೂಟರ್ ಇಟ್ಟಿದ್ದೇವೆ. ಶನಿವಾರ ಬೆಳಗ್ಗೆ ಎಂಟನೇ ತರಗತಿಯವರ ಸರದಿ. ಮಿಕ್ಕ 16 ಸ್ವಿಚ್ ಬೋರ್ಡುಗಳಿಗೆ ಮಕ್ಕಳು ಕೈ ಹಾಕದಂತೆ ಮೇಷ್ಟ್ರು ಸದ್ಯಕ್ಕೆ ಟೇಪು ಅಂಟಿಸಿದ್ದಾರೆ.