ನೂರ್ ಇನಾಯತ್ ಖಾನ್: ಪ್ಯಾರಿಸ್ಸಿನ ಒಂಟಿ ರೇಡಿಯೊ
ಟಿಪ್ಪು ಸುಲ್ತಾನನ ವಂಶಸ್ಥೆ ನೂರ್ ಇನಾಯತ್ ಖಾನ್ ಜನಿಸಿದ್ದು 1914ರಲ್ಲಿ, ಮಾಸ್ಕೋದಲ್ಲಿ. ಸೂಫಿ ಸಂಗೀತಗಾರರ ಪುತ್ರಿ, ಮಕ್ಕಳ ಕಥೆಗಳ ಲೇಖಕಿ. 1943ರ ಜೂನ್‌ನಲ್ಲಿ ಬ್ರಿಟನ್ ಅವರನ್ನು ನಾಜಿಗಳ ವಶದಲ್ಲಿದ್ದ ಫ್ರಾನ್ಸ್‌ಗೆ ಗುಟ್ಟಾಗಿ ಕಳುಹಿಸಿತು. ಕೆಲವೇ ದಿನಗಳಲ್ಲಿ ಸಹಚರರು ಸೆರೆಯಾದರು. ಹಿಂದಿರುಗಲು ಬಂದ ಸೂಚನೆಯನ್ನು ನೂರ್ ಒಪ್ಪಲಿಲ್ಲ. ಶತ್ರುವಿನ ಪತ್ತೆ ವಾಹನಗಳ ಕಣ್ತಪ್ಪಿಸಿ, ಶಾರ್ಟ್‌ವೇವ್ ಯಂತ್ರದ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ಅಲೆಯುತ್ತ, ಲಂಡನ್‌ಗೆ ಮೋರ್ಸ್‌ನಲ್ಲಿ ಗೂಢಲಿಪಿ ಸಂದೇಶಗಳನ್ನು ರವಾನಿಸಿದರು.

ಅಕ್ಟೋಬರ್‌ನಲ್ಲಿ ಬಂಧನ. ವಿಚಾರಣೆಯಲ್ಲಿ ಅವರು ಬಾಯಿ ಬಿಡಲಿಲ್ಲ. ಆದರೆ ಸಂದೇಶಗಳನ್ನೆಲ್ಲ ಬರೆದಿಟ್ಟಿದ್ದ ಪುಸ್ತಕ ಸಿಕ್ಕಿಬಿದ್ದಿತು. ಅದರ ನೆರವಿನಿಂದ ಜರ್ಮನ್ನರು ನೂರ್ ಹೆಸರಿನಲ್ಲೇ ಸುಳ್ಳು ಸಂದೇಶ ಕಳುಹಿಸಿದರು, ಲಂಡನ್ ನಂಬಿತು. ಹೀಗೆ ಬಂದಿಳಿದ ಹಲವು ಏಜೆಂಟರು ನೇರ ಶತ್ರುವಿನ ಕೈಸೇರಿದರು. ಈ ಹೊಣೆ ನೂರ್‌ಗಿಂತ ಲಂಡನ್ ಕಚೇರಿಯದೇ ಹೆಚ್ಚು. 1944ರ ಸೆಪ್ಟೆಂಬರ್ 13ರಂದು ಡಕಾವ್ ಶಿಬಿರದಲ್ಲಿ ನೂರ್ ಅವರನ್ನು ಕೊಲ್ಲಲಾಯಿತು. ಜಾರ್ಜ್ ಕ್ರಾಸ್ ಸಂದದ್ದು 1949ರಲ್ಲಿ.